ಟಿರ್ಜೆಪಟೈಡ್ 5 ಎಂಜಿಗೆ ಏರಿಸಿದ ಮೇಲೆ ಹೊಟ್ಟೆ ತೊಳೆಸುತ್ತಿದೆ: ಊಟದಲ್ಲಿ, ವೇಳೆಯಲ್ಲಿ ಏನು ಬದಲಿಸಬೇಕು?

ಹೇಮಾವತಿ ದಡ

ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 51, ತೂಕ 88 ಕಿಲೋ, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ, ತೂಕ ಇಳಿಸಲು ವಾರಕ್ಕೊಮ್ಮೆ ಹಾಕುವ ಇಂಜೆಕ್ಷನ್ ಟಿರ್ಜೆಪಟೈಡ್ 2.5 ಎಂಜಿ ನಾಲ್ಕು ವಾರ ತೊಂದರೆಯಿಲ್ಲದೆ ಮುಗಿಯಿತು. ಈಗ 5 ಎಂಜಿ, ಎರಡು ಡೋಸ್ ಆಗಿದೆ. ಮೊದಲನೆಯದಕ್ಕೆ ಸ್ವಲ್ಪ ಹೊಟ್ಟೆ ತೊಳೆಸಿತ್ತು, ಎರಡನೆಯದಕ್ಕೆ ಅದಕ್ಕಿಂತ ಜಾಸ್ತಿ. ಮೈ ಒಗ್ಗಿಕೊಳ್ಳುತ್ತೆ ಅಂತಾರೆ, ಇಲ್ಲಿ ಉಲ್ಟಾ ಆಗಿದೆ.

ಭಾನುವಾರ ಬೆಳಿಗ್ಗೆ 9ಕ್ಕೆ ವಯಲ್‌ನಿಂದ (ಔಷಧಿಯ ಪುಟ್ಟ ಸೀಸೆ) ಸಿರಿಂಜಿಗೆ ಎಳೆದು ಹೊಟ್ಟೆಗೆ ಚುಚ್ಚುವುದು. ಸೋಮವಾರ ಬೆಳಿಗ್ಗೆಯಿಂದ ವಾಕರಿಕೆ, ಸಂಜೆ ಒಮ್ಮೆ ವಾಂತಿ. ಮಂಗಳವಾರ ಪೂರ್ತಿ ಬಾಯಲ್ಲಿ ನೀರೂರುವುದು, ಕೊಳೆತ ಮೊಟ್ಟೆ ವಾಸನೆಯ ತೇಗು. ಬುಧವಾರ ಮಧ್ಯಾಹ್ನಕ್ಕೆ ಇಳಿಯುತ್ತದೆ, ಗುರುವಾರ ಏನೂ ಇಲ್ಲ.

ದಿನಚರಿ ಹೀಗಿದೆ. 6ಕ್ಕೆ ಖಾಲಿ ಹೊಟ್ಟೆಗೆ ಫಿಲ್ಟರ್ ಕಾಫಿ. 9ಕ್ಕೆ ತಿಂಡಿ, ಅದಕ್ಕೆ ಮೊದಲು ಗ್ಲಿಮೆಪಿರೈಡ್ 1 ಮತ್ತು ಮೆಟ್‌ಫಾರ್ಮಿನ್ 500 ಕೂಡಿದ ಸಕ್ಕರೆ ಕಾಯಿಲೆಯ ಮಾತ್ರೆ. 1:30ಕ್ಕೆ ಎರಡು ರಾಗಿ ಮುದ್ದೆ, ಬಸ್ಸಾರು ಅಥವಾ ಸೊಪ್ಪಿನ ಸಾರು, ಮೇಲೆ ಒಂದಿಷ್ಟು ಅನ್ನ. 5ಕ್ಕೆ ಟೀ, ಜತೆಗೆ ನಿಪ್ಪಟ್ಟೋ ಕೋಡುಬಳೆಯೋ. ರಾತ್ರಿ 9:30ಕ್ಕೆ ಚಪಾತಿ, ಪಲ್ಯ, ಅನ್ನ, ಮತ್ತೆ ಅದೇ ಮಾತ್ರೆ, 10:15ಕ್ಕೆ ಮಲಗುವುದು. ಭಾನುವಾರ ಮಧ್ಯಾಹ್ನ ಮಟನ್ ಇಲ್ಲವೇ ನಾಟಿಕೋಳಿ. ಬಿಪಿಗೆ ಟೆಲ್ಮಿಸಾರ್ಟನ್ 40 ಇದೆ.

ಡಾಕ್ಟರ್ ಭೇಟಿಗೆ ಇನ್ನೂ ಹದಿನೈದು ದಿನ ಇದೆ. ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು? ಚುಚ್ಚುವ ದಿನ ಬದಲಿಸಿದರೆ ಉಪಯೋಗವಿದೆಯೇ? ವಾಕರಿಕೆ ಬಂದರೇ ಔಷಧಿ ಕೆಲಸ ಮಾಡ್ತಿದೆ ಅಂತರ್ಥ, ಸಹಿಸ್ಕೊಳ್ಳಿ ಅಂತ ಪಕ್ಕದ ಮನೆಯವರ ಸಲಹೆ ಬೇರೆ.

ಪಥ್ಯದಡುಗೆ

ಪಕ್ಕದ ಮನೆಯವರದ್ದು ಮೊದಲು ಮುಗಿಸೋಣ. ಇದೇ ಬಗೆಯ ಇನ್ನೊಂದು ಔಷಧಿ ಸೆಮಾಗ್ಲುಟೈಡ್ 2.4 ಎಂಜಿಯ ‘ಸ್ಟೆಪ್’ ಪ್ರಯೋಗಗಳಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಇಳಿದ ತೂಕದಲ್ಲಿ ವಾಂತಿ, ವಾಕರಿಕೆ, ಭೇದಿಯಿಂದ ಇಳಿದಿದ್ದು ದೇಹತೂಕದ ಶೇಕಡ 1ಕ್ಕೂ ಕಡಿಮೆ. ವಾಕರಿಕೆ ಇಲ್ಲದವರ ತೂಕವೂ ಹೆಚ್ಚುಕಮ್ಮಿ ಅಷ್ಟೇ ಇಳಿದಿತ್ತು. ಹಾಗಾಗಿ ಸಹಿಸಿಕೊಂಡವರಿಗೆ ಬಹುಮಾನ ಏನೂ ಇಲ್ಲ.

ಈ ಔಷಧಿ ಎರಡು ಕಡೆ ಕೆಲಸ ಮಾಡುತ್ತದೆ. ಒಂದು, ಮಿದುಳಿನ ಬುಡದಲ್ಲಿ ಹಸಿವು, ವಾಂತಿ ಎರಡನ್ನೂ ನೋಡಿಕೊಳ್ಳುವ ಜಾಗ. ಅಲ್ಲಿಗೆ ನಮ್ಮ ಕೈ ಹೋಗಲ್ಲ. ಇನ್ನೊಂದು ಜಠರ. ಊಟ ಅಲ್ಲಿಂದ ಮುಂದೆ ಸಾಗುವುದು ನಿಧಾನವಾಗುತ್ತದೆ, ಅದರಲ್ಲೂ ಶುರುವಿನ ವಾರಗಳಲ್ಲಿ ಮತ್ತು ಡೋಸ್ ಏರಿಸಿದಾಗ. ಅಡುಗೆಮನೆಯಿಂದ ಸರಿಮಾಡಬಹುದಾದದ್ದು ಇದೊಂದನ್ನೇ.

ಈಗ ಮುದ್ದೆಗೆ ಬರ್ತೀನಿ. ರಾಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮುದ್ದೆಯನ್ನು ಯಾರೂ ಅಗಿಯಲ್ಲ, ಸಾರಿನಲ್ಲಿ ಹೊರಳಿಸಿ ನುಂಗುವುದು. ಗಟ್ಟಿ ಪದಾರ್ಥವನ್ನು ಜಠರ ಒಂದೆರಡು ಮಿಲಿಮೀಟರ್ ಗಾತ್ರಕ್ಕೆ ಅರೆಯದೆ ಮುಂದಕ್ಕೆ ಬಿಡಲ್ಲ. ಹಲ್ಲು ಮಾಡಬೇಕಾದ ಕೆಲಸವೂ ಅದರ ತಲೆ ಮೇಲೆ ಬಿತ್ತು. ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ, ಎರಡು ಅಂದರೆ ಒಂದೇ ಕೂತಲ್ಲಿ ಹತ್ತಿರ ಹತ್ತಿರ 20 ಗ್ರಾಂ ನಾರು, ಅದರ ಮೇಲೆ ಸೊಪ್ಪು, ಅದರ ಮೇಲೆ ಅನ್ನ. ಮಾಮೂಲಿ ಹೊಟ್ಟೆಗೆ ಇದು ಒಳ್ಳೆಯ ಊಟ. ನಿಧಾನವಾದ ಹೊಟ್ಟೆಯಲ್ಲಿ ಸಂಜೆಯವರೆಗೂ ಕೂತಿರುತ್ತದೆ, ಅದರ ಮೇಲೆ 5ಕ್ಕೆ ನಿಪ್ಪಟ್ಟು. ಮೊಟ್ಟೆ ವಾಸನೆಯ ತೇಗು ಬರೋದು ಹೀಗೆ ತಂಗಿದ ಊಟದಿಂದಲೇ.

ಚುಚ್ಚಿದ ದಿನ ಮತ್ತು ಮುಂದಿನ ಮೂರು ದಿನ ಮುದ್ದೆ ಬಿಡಿ. ರಾಗಿಯೇ ಬೇಕೆಂದರೆ ಎರಡು ಚಮಚ ಹಿಟ್ಟಿನ ತೆಳು ಅಂಬಲಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ, 200 ಎಂಎಲ್ ಲೋಟ, ಹದಿನೈದು ನಿಮಿಷ ತೆಗೆದುಕೊಂಡು ಕುಡಿಯಲಿ. ಗುರುವಾರದಿಂದ ನಿಂಬೆ ಗಾತ್ರದ ಅರ್ಧ ಮುದ್ದೆ ನೋಡಬಹುದು.

ಆ ನಾಲ್ಕು ದಿನದ ಊಟ ಹೀಗಿರಲಿ. ಬೆಳಿಗ್ಗೆ 7ಕ್ಕೆ, ಮೊದಲಿಗೆ ಒಂದು ಒಣ ರಸ್ಕ್ ಅಥವಾ ಎರಡು ಮಾರಿ ಬಿಸ್ಕತ್ತು, ಅರ್ಧ ಗಂಟೆ ಬಿಟ್ಟು ಕಾಫಿ, ಅದೂ ಅರ್ಧ ಲೋಟ. ತಿಂಡಿಗೆ ಎರಡು ಇಡ್ಲಿ, ತಿಳಿ ಸಾಂಬಾರ್. ಕಾಯಿ ಚಟ್ನಿ ಬೇಡ, ತೆಂಗಿನಕಾಯಿಯಲ್ಲಿ 100 ಗ್ರಾಂಗೆ 30 ಗ್ರಾಂಗೂ ಮೇಲೆ ಕೊಬ್ಬಿದೆ, ಕೊಬ್ಬು ಜಠರಕ್ಕೆ ಇನ್ನೊಂದು ಬ್ರೇಕು. 11ಕ್ಕೆ ಮಜ್ಜಿಗೆ. 1ಕ್ಕೆ ಮೆತ್ತಗೆ ಬೇಯಿಸಿದ ಅನ್ನ ಒಂದು ಕಪ್, ಹೆಸರುಬೇಳೆ ತೊವ್ವೆ ಒಂದು ಕಪ್, ಒಗ್ಗರಣೆಗೆ ಇಡೀ ಪಾತ್ರೆಗೆ ಒಂದು ಚಮಚ ಎಣ್ಣೆ. 4ಕ್ಕೆ ಬೇಯಿಸಿದ ಮೊಟ್ಟೆಯ ಬಿಳಿಭಾಗ ಎರಡು ಅಥವಾ ಒಂದು ಕಪ್ ಗಟ್ಟಿ ಮೊಸರು. ಮೊಟ್ಟೆ ವಾಸನೆಯ ತೇಗು ಇರುವ ದಿನ ಮೊಟ್ಟೆ, ಮೂಲಂಗಿ, ಎಲೆಕೋಸು, ಹಸಿ ಈರುಳ್ಳಿ ಬಿಟ್ಟು ಮೊಸರಿಗೇ ಅಂಟಿಕೊಳ್ಳಿ. ರಾತ್ರಿ 7ಕ್ಕೆ ಮೊಸರನ್ನ ಅಥವಾ ಗಂಜಿ. ಮೊಸರನ್ನಕ್ಕೆ ಇನ್ನೊಂದು ಅನುಕೂಲ ಇದೆ: ಆರಿದ ಊಟಕ್ಕೆ ವಾಸನೆ ಕಡಿಮೆ. ಸಾಸಿವೆ, ಇಂಗು, ಬೆಳ್ಳುಳ್ಳಿ ಸಿಡಿಯುವ ಘಾಟಿಗೇ ಎಷ್ಟೋ ಜನಕ್ಕೆ ಹೊಟ್ಟೆ ತಿರುಗುತ್ತದೆ. ಆ ನಾಲ್ಕು ದಿನ ಒಗ್ಗರಣೆ ಬೇರೆಯವರು ಹಾಕಲಿ.

ಅಳತೆ ಹೇಳಬೇಕೆಂದರೆ, ತಟ್ಟೆಯ ಬದಲು ಸಣ್ಣ ಬಟ್ಟಲಲ್ಲಿ ಬಡಿಸಿ, 20 ನಿಮಿಷ ತೆಗೆದುಕೊಳ್ಳಲಿ. ‘ಇನ್ನೆರಡು ತುತ್ತು ಹಿಡಿಸುತ್ತೆ’ ಅನ್ನಿಸಿದಾಗಲೇ ಏಳಬೇಕು. ನಮ್ಮಲ್ಲಿ ಬಡಿಸುವವರು ಇದಕ್ಕೆ ಬಿಡಲ್ಲ, ಅವರಿಗೂ ಹೇಳಿಡಿ. ಊಟದ ಜತೆ ನೀರು ಎರಡು ಗುಟುಕು ಸಾಕು, ಮಿಕ್ಕಿದ್ದು ಅರ್ಧ ಗಂಟೆ ಆದಮೇಲೆ. ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಅಂತರ ಇರಲಿ. 9:30ಕ್ಕೆ ಉಂಡು 10:15ಕ್ಕೆ ಅಡ್ಡಾದರೆ ಊಟ ಗಂಟಲಿಗೇ ಬರುತ್ತದೆ.

ಮತ್ತೆ ಭಾನುವಾರ 9ಕ್ಕೆ ಚುಚ್ಚಿ 1:30ಕ್ಕೆ ಬಾಡೂಟ! ಕಾಯಿ-ಗಸಗಸೆ ಮಸಾಲೆ, ಮೇಲೆ ತೇಲುವ ಎಣ್ಣೆ, ಅದರೊಳಗೆ ಮುದ್ದೆ. ವಾರದ ಅತಿ ಭಾರದ ಊಟ ಔಷಧಿ ಏರುವ ಹೊತ್ತಿಗೇ ಸರಿಯಾಗಿ ಬೀಳುತ್ತಿದೆ.

ಮಾತ್ರೆಡಬ್ಬಿ

ಎರಡನೇ ಡೋಸಿಗೆ ಜಾಸ್ತಿ ಆಗಿದ್ದರಲ್ಲಿ ವಿಚಿತ್ರ ಏನಿಲ್ಲ, ಲೆಕ್ಕ ನೋಡಿ. ಟಿರ್ಜೆಪಟೈಡ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ದಿನ ಬೇಕು. ಏಳನೇ ದಿನ ಹಳೆಯ ಡೋಸಿನ ನೂರಕ್ಕೆ 38ರಷ್ಟು ಇನ್ನೂ ಉಳಿದಿರುತ್ತದೆ, ಅದರ ಮೇಲೆ ಹೊಸದು ಕೂಡುತ್ತದೆ. 2.5 ಎಂಜಿಯ ನಾಲ್ಕನೇ ಡೋಸ್ ಹಾಕಿದಾಗ ಮೈಯಲ್ಲಿದ್ದಿದ್ದು ಸುಮಾರು 4 ಎಂಜಿ. 5ರ ಮೊದಲ ಡೋಸಿಗೆ ಅದು 6.5, ಎರಡನೆಯದಕ್ಕೆ 7.5, ಮೂರನೆಯದಕ್ಕೆ 7.8, ನಾಲ್ಕನೆಯದಕ್ಕೆ 8. ಅಂದರೆ ಏರುವ ಭಾಗ ಬಹುಪಾಲು ಮುಗಿದಿದೆ. ಇನ್ನು ಮುಂದೆ ಮಟ್ಟ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ, ಒಗ್ಗಿಕೊಳ್ಳುವುದು ಈಗ ಶುರು.

ಸಿರಿಂಜ್ ಯಾವುದು ಅಂತ ಇವತ್ತೇ ನೋಡಿ. ನಮ್ಮ ದೇಶದಲ್ಲಿ ಇನ್ಸುಲಿನ್ ಸಿರಿಂಜು ಎರಡು ಥರ: ಕೆಂಪು ಟೋಪಿಯ ಯು-40, ಕಿತ್ತಳೆ ಟೋಪಿಯ ಯು-100. 0.5 ಎಂಎಲ್ ಅಂದರೆ ಯು-100ರಲ್ಲಿ 50ನೇ ಗೆರೆ, ಯು-40ರಲ್ಲಿ 20ನೇ ಗೆರೆ. ಒಂದೇ ಡೋಸಿನ 0.5 ಎಂಎಲ್ ವಯಲ್ ಆದರೆ ಇದ್ದದ್ದನ್ನೆಲ್ಲ ಎಳೆದು ಹಾಕುವುದರಿಂದ ಹೆಚ್ಚಾಗುವ ಭಯ ಕಡಿಮೆ. ಎಡವಟ್ಟು ಆಗುವುದು ಹಲವು ಡೋಸ್ ಇರುವ ವಯಲ್‌ನಲ್ಲಿ. ‘10 ಯೂನಿಟ್ ಎಳೀರಿ’ ಅಂತ ಯು-100 ಮನಸ್ಸಲ್ಲಿಟ್ಟುಕೊಂಡು ಹೇಳಿರುತ್ತಾರೆ, ಅದು 0.1 ಎಂಎಲ್. ಮನೆಯಲ್ಲಿ ಕೆಂಪು ಟೋಪಿಯದ್ದು ಇತ್ತು ಅಂತ ಅದರಲ್ಲಿ 10ಕ್ಕೆ ಎಳೆದರೆ 0.25 ಎಂಎಲ್. ಡೋಸು ಎರಡೂವರೆ ಪಟ್ಟು! ಎಂಜಿ, ಎಂಎಲ್, ಯೂನಿಟ್ ಮೂರೂ ಬೇರೆ ಬೇರೆ. ಚೀಟಿಯಲ್ಲಿ ಎಂಎಲ್ ಎಷ್ಟು ಅಂತ ಬರೆಸಿಕೊಳ್ಳಿ.

ದುಡ್ಡು ಉಳಿಸಲು ದೊಡ್ಡ ವಯಲನ್ನು ಎರಡು ವಾರಕ್ಕೆ ಹಂಚಿಕೊಳ್ಳುವವರೂ ಇದ್ದಾರೆ. ಒಂದೇ ಡೋಸಿನ ವಯಲ್‌ನಲ್ಲಿ ಕೆಡದಂತೆ ಇಡುವ ಪದಾರ್ಥ ಹಾಕಿರುವುದಿಲ್ಲ, ಒಮ್ಮೆ ಸೂಜಿ ಹೋದ ಮೇಲೆ ಉಳಿದದ್ದು ಕಸಕ್ಕೆ.

ವಾಂತಿ ಮಾತ್ರೆ ವಿಚಾರ. ಇವೆಲ್ಲ ಡಾಕ್ಟರ್ ಚೀಟಿಯ ಮೇಲೇ ತೆಗೆದುಕೊಳ್ಳಬೇಕಾದವು, ಆದರೆ ಏನು ಕೇಳಬೇಕು ಅನ್ನೋದು ಗೊತ್ತಿರಲಿ. ಒಂಡಾನ್‌ಸೆಟ್ರಾನ್ 4 ಎಂಜಿ, ನಾಲಿಗೆ ಮೇಲೆ ಕರಗುವುದು, ವಾಕರಿಕೆ ಹೆಚ್ಚಿರುವ ಒಂದೆರಡು ದಿನಕ್ಕೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಮಲ ಕಟ್ಟುತ್ತದೆ. ಡೊಂಪೆರಿಡೋನ್ 10 ಎಂಜಿ ಊಟಕ್ಕೆ ಅರ್ಧ ಗಂಟೆ ಮೊದಲು, ಜಠರವನ್ನು ಮುಂದಕ್ಕೆ ತಳ್ಳುವ ಗುಣ ಇದೆ. ದಿನಕ್ಕೆ 30 ಎಂಜಿ ಮೀರಬಾರದು, ಒಂದು ವಾರಕ್ಕಿಂತ ಹೆಚ್ಚು ಬೇಡ. ಎರಡಕ್ಕೂ ಹೃದಯ ಬಡಿತದ ಲಯ ಕೆಡಿಸುವ ಸಣ್ಣ ಅಪಾಯ ಇದೆ. ಹೃದಯದ ತೊಂದರೆ ಇದ್ದವರು, ಅಜಿತ್ರೋಮೈಸಿನ್‌ನಂಥ ಆಂಟಿಬಯಾಟಿಕ್ ನುಂಗುತ್ತಿರುವವರು ಅದನ್ನು ಹೇಳಲೇಬೇಕು. ಮೆಟಕ್ಲೋಪ್ರಮೈಡ್ ಐದು ದಿನಕ್ಕಿಂತ ಹೆಚ್ಚು ಬೇಡ, ಕೆಲವರಿಗೆ ಕತ್ತು, ದವಡೆ ಸೆಟೆದುಕೊಳ್ಳುತ್ತದೆ.

ಗ್ಯಾಸಿಗೆ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್-ಡೊಂಪೆರಿಡೋನ್ ಕ್ಯಾಪ್ಸೂಲ್ ನಮ್ಮ ಅರ್ಧ ಊರಿನ ಜೇಬಲ್ಲಿ ಇರುತ್ತೆ. ಅದರಲ್ಲಿ ಡೊಂಪೆರಿಡೋನ್ ಸಾಮಾನ್ಯವಾಗಿ 30 ಎಂಜಿ, ನಿಧಾನ ಬಿಡುಗಡೆಯದು. ಒಂದು ಕ್ಯಾಪ್ಸೂಲಿಗೇ ಆ ದಿನದ ಮಿತಿ ಮುಗಿಯಿತು. ಅದರ ಮೇಲೆ 10 ಎಂಜಿಯ ಮಾತ್ರೆ ನುಂಗಬಾರದು.

ಮೆಟ್‌ಫಾರ್ಮಿನ್ ತಾನೇ ಹೊಟ್ಟೆ ತೊಳೆಸುವ ಮಾತ್ರೆ. ತಿಂಡಿಗೆ ಮೊದಲು ಬೇಡ, ತಿಂಡಿಯ ನಡುವೆ ನುಂಗಲಿ.

ಧಾರವಾಡ ಪೇಢೆ

ಊಟದ್ದು ಮ್ಯಾಲಿನವ್ರು ಹೇಳ್ಯಾರ, ನಾ ಬರೇ ನೀರಿಂದು ಹೇಳತೀನಿ. ನಮ್ಮ ಕಡೆ ಮುದ್ದಿ ಬದಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಅಗದು ತಿಂತೀವಿ, ಅದು ನಡೀತದ, ಆದ್ರ ಶೇಂಗಾದಾಗ ಅರ್ಧಕ್ಕರ್ಧ ಎಣ್ಣಿನ ಇರತದ, ಚುಚ್ಚಿದ್ದ ಎರಡು ದಿನ ಹಿಂಡಿ ದೂರ ಇಡ್ರಿ.

ವಾಂತಿ ಆದ ಕೂಡಲೆ ಚೊಂಬು ತುಂಬ ನೀರು ಕುಡೀಬ್ಯಾಡ್ರಿ, ಅದೂ ಹೊರಗ ಬರತದ. ಹತ್ತು-ಹದಿನೈದು ನಿಮಿಷ ಸುಮ್ನ ಕೂತು, ಆಮ್ಯಾಲೆ ಐದು ನಿಮಿಷಕ್ಕ ಒಂದು ದೊಡ್ಡ ಚಮಚೆ, ಅಂದ್ರ 15 ಎಂಎಲ್. ಒಂದು ತಾಸು ನಿಂತ್ರ ಗುಟುಕು ಗುಟುಕು. ಓಆರ್‌ಎಸ್ ಪುಡಿ ತಂದಿಡ್ರಿ. ಪಾಕೀಟಿನ ಮ್ಯಾಲೆ 1 ಲೀಟರಿಗೋ 200 ಎಂಎಲ್‌ಗೋ ಓದ್ರಿ, ದೊಡ್ಡ ಪಾಕೀಟು ಒಂದು ಲೋಟಕ್ಕ ಕಲಿಸಿದ್ರ ಉಪ್ಪು ವಿಪರೀತ ಆಗತದ. ಕಲಿಸಿದ್ದು 24 ತಾಸಿನಾಗ ಮುಗಿಸಬೇಕು. ಸಕ್ಕರಿ ಕಾಯಿಲಿ ಅದ ಅಂತ ಹೆದರಬ್ಯಾಡ್ರಿ, ಲೀಟರಿಗೆ 13.5 ಗ್ರಾಂ ಗ್ಲುಕೋಸ್, 200 ಎಂಎಲ್ ಲೋಟಕ್ಕ ಮೂರು ಗ್ರಾಂ ಕೂಡ ಇಲ್ಲ. ಡಬ್ಬಿವಳಗ ಬರೋ ಹಣ್ಣಿನ ರುಚಿ ಪಾನೀಯ ಬ್ಯಾರೆ, ಅದರಾಗ ಸಕ್ಕರಿ ಭಾಳ. 2025ರ ಅಕ್ಟೋಬರಿನಾಗ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಅಂಥವಕ್ಕ ಓಆರ್‌ಎಸ್ ಅಂತ ಹೆಸರು ಹಾಕಬಾರದು ಅಂತ ಆದೇಶ ಮಾಡೇದ. ಪುಡಿ ಸಿಗಲಿಲ್ಲಂದ್ರ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚೆ ಸಕ್ಕರಿ, ಅರ್ಧ ಚಮಚೆ ಉಪ್ಪು, ಚಮಚೆ ಸಮ ಮಾಡಿ ಹಾಕ್ರಿ.

ಬಿಪಿ ಅದ ಅಂತೀರಿ. ವಾಂತಿ ಇಲ್ಲದ ದಿನ ಓಆರ್‌ಎಸ್ ಬ್ಯಾಡ, ಬರೇ ನೀರು, ತೆಳು ಮಜ್ಜಿಗಿ ಸಾಕು.

ಹೇಮಾವತಿ ದಡ

ಎಲ್ಲರಿಗೂ ಧನ್ಯವಾದ. ಸಿರಿಂಜ್ ಕಿತ್ತಳೆ ಟೋಪಿಯದೇ, 50ರ ಗೆರೆಗೇ ಎಳೆದಿದ್ದಾರೆ. ಆದರೆ ಅದೇ ಗ್ಯಾಸಿನ ಕ್ಯಾಪ್ಸೂಲ್ ದಿನಾ ಬೆಳಿಗ್ಗೆ ತಗೊಳ್ತಿದ್ದಾರೆ, ಸೋಮವಾರ ವಾಂತಿಗೆ ಅಂತ ಡೊಂಪೆರಿಡೋನ್ 10 ಮೂರು ಸಲ ನುಂಗಿದ್ದಾರೆ! ಇನ್ನೊಂದು, ಕೇಳಿದ ಮೇಲೆ ಹೇಳಿದರು: ನಾಲ್ಕು ದಿನದಿಂದ ಸಂಡಾಸು ಆಗಿಲ್ಲವಂತೆ. ಮಂಗಳವಾರ ಮಧ್ಯಾಹ್ನ ವಾಕರಿಕೆ ಜತೆ ಕೈ ನಡುಗಿ ಬೆವರಿತ್ತು, ಮಲಗಿದ ಮೇಲೆ ಸರಿಹೋಯಿತಂತೆ. ತೊಡೆಗೆ ಚುಚ್ಚಿದರೆ ವಾಕರಿಕೆ ಕಡಿಮೆ ಅಂತ ಎಲ್ಲೋ ಓದಿದೆ, ನಿಜವೇ?

ವಾರ್ಡ್ ಸಿಸ್ಟರ್

ಕೈ ನಡುಗಿ ಬೆವರಿದ್ದನ್ನು ವಾಕರಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಅದು ಸಕ್ಕರೆ ಇಳಿದ ಲಕ್ಷಣ. ಗ್ಲಿಮೆಪಿರೈಡ್ ಊಟ ಇಳಿದಿರಲಿ ಬಿಡಲಿ, ಇನ್ಸುಲಿನ್ ತಳ್ಳುತ್ತಲೇ ಇರುತ್ತದೆ. ವಾಕರಿಕೆಯಲ್ಲಿ ಊಟ ಅರ್ಧ ಆಗಿದೆ, ಟಿರ್ಜೆಪಟೈಡ್ ಬೇರೆ ಸಕ್ಕರೆ ಇಳಿಸುತ್ತಿದೆ, ಅದರ ಮೇಲೆ ದಿನಕ್ಕೆರಡು ಸಲ ಈ ಮಾತ್ರೆ. ಹದಿನೈದು ದಿನ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ‘ಗ್ಲಿಮೆಪಿರೈಡ್ ತೆಗೆದು ಬರೀ ಮೆಟ್‌ಫಾರ್ಮಿನ್ ಕೊಡಬಹುದೇ’ ಅಂತ ಕೇಳಿ. ಎರಡೂ ಒಂದೇ ಮಾತ್ರೆಯಲ್ಲಿರುವುದರಿಂದ ಅರ್ಧ ಮುರಿದು ನುಂಗಿ ಸರಿಮಾಡುವ ಹಾಗಿಲ್ಲ, ಚೀಟಿಯೇ ಬದಲಾಗಬೇಕು. ಅಲ್ಲಿಯವರೆಗೆ ನಡುಕ, ಬೆವರು, ತಲೆ ಹಗುರ ಅನ್ನಿಸಿದಾಗೆಲ್ಲ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಗ್ಲುಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸಿ, ಅದು ಸುಮಾರು 15 ಗ್ರಾಂ. 15 ನಿಮಿಷಕ್ಕೆ ಮತ್ತೆ ನೋಡಿ. ಬಿಸ್ಕತ್ತು, ಲಾಡು, ಚಾಕೊಲೇಟು ಈ ಹೊಟ್ಟೆಯಲ್ಲಿ ಬೇಗ ಇಳಿಯಲ್ಲ, ಕೈಚೀಲದಲ್ಲಿ ಗ್ಲುಕೋಸ್ ಪುಡಿಯೇ ಇರಲಿ.

ಎರಡೆರಡು ಡೊಂಪೆರಿಡೋನ್ ಇವತ್ತೇ ನಿಲ್ಲಿಸಿ. ಎದೆ ಹಾರಿದ ಹಾಗಾಗುವುದು, ಕಣ್ಣು ಕತ್ತಲೆ ಬರುವುದು ಏನಾದರೂ ಇದ್ದಿದ್ದರೆ ಇಸಿಜಿ ತೆಗೆಸಬೇಕು, ಅದನ್ನೂ ಫೋನಿನಲ್ಲಿ ಹೇಳಿ. ಆ ಕ್ಯಾಪ್ಸೂಲ್ ಯಾರು, ಯಾಕೆ, ಎಷ್ಟು ದಿನಕ್ಕೆ ಬರೆದಿದ್ದರು ಅನ್ನೋದನ್ನೂ ಕೇಳಿ.

ನಾಲ್ಕು ದಿನದ ಮಲಬದ್ಧತೆಯೇ ವಾಕರಿಕೆಯ ಅರ್ಧ ಕಾರಣ ಆಗಿರಬಹುದು. ಕೆಳಗೆ ದಾರಿ ಕಟ್ಟಿದ್ದರೆ ಮೇಲಿನದು ಇಳಿಯುವುದಾದರೂ ಎಲ್ಲಿಗೆ? ಒಂಡಾನ್‌ಸೆಟ್ರಾನ್ ಶುರು ಮಾಡುವ ಮೊದಲು ಇದು ಸರಿಹೋಗಬೇಕು. ಹೊಟ್ಟೆ ನೋವು, ಉಬ್ಬರ ಇಲ್ಲ, ಗಾಳಿ ಹೋಗುತ್ತಿದೆ ಅಂದರೆ ಮಲ ಸಡಿಲಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ ಒಂದು ದೊಡ್ಡ ಲೋಟ ನೀರಿನಲ್ಲಿ ದಿನಕ್ಕೊಮ್ಮೆ, ಒಂದರಿಂದ ಮೂರು ದಿನದಲ್ಲಿ ಕೆಲಸ ಮಾಡುತ್ತದೆ. ಲ್ಯಾಕ್ಟುಲೋಸ್ 15 ಎಂಎಲ್ ರಾತ್ರಿ ಕೊಡುವುದೂ ಇದೆ, ಆದರೆ ಹೊಟ್ಟೆ ಉಬ್ಬಿಸುತ್ತದೆ. ಇಸಬ್‌ಗೋಲ್ ಈಗ ಬೇಡ. ನೀರೇ ಸರಿಯಾಗಿ ಕುಡಿಯಲಾಗದವರಿಗೆ ಅದು ಒಳಗೆ ಅಂಟುಂಡೆ ಆಗಿ ಕೂರುತ್ತದೆ. ಮಲ ಸಡಿಲವಾದ ಮೇಲೆ ದಿನಾ ಎರಡು ಲೀಟರ್ ನೀರು ಇಳಿಯುತ್ತಿದ್ದರೆ ಒಂದು ಚಮಚದಿಂದ ಶುರು ಮಾಡಬಹುದು.

ತೊಡೆ, ಹೊಟ್ಟೆ, ತೋಳು ಎಲ್ಲಿಗೆ ಚುಚ್ಚಿದರೂ ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚುಕಮ್ಮಿ ಒಂದೇ. ತೊಡೆಗೆ ಹಾಕಿದರೆ ಹಾನಿ ಇಲ್ಲ, ಆದರೆ ಅದನ್ನೇ ನಂಬಿಕೊಂಡು ಭಾನುವಾರದ ಮಟನ್ ಮುಂದುವರಿಸಬೇಡಿ.

ದಿನ ಬದಲಿಸುವುದು ನನ್ನ ಮಟ್ಟಿಗೆ ಊಟ ಬದಲಿಸಿದ ಮೇಲಿನ ಮಾತು. ಬದಲಿಸುವುದೇ ಆದರೆ ಟಿರ್ಜೆಪಟೈಡ್‌ಗೆ ಎರಡು ಡೋಸಿನ ನಡುವೆ ಕನಿಷ್ಠ 3 ದಿನ ಇರಲೇಬೇಕು. ಹಾಗಂತ ಬೇಗ ಹಾಕಿ ದಿನ ಹೊಂದಿಸಲು ಹೋದರೆ ಮೈಯಲ್ಲಿ ರಾಶಿ ಬೀಳುತ್ತದೆ. ವಾಕರಿಕೆ ಇರುವವರಿಗೆ ತಡ ಮಾಡಿ ಹೊಂದಿಸುವುದೇ ಒಳ್ಳೆಯದು. ಮರೆತ ಡೋಸನ್ನು 4 ದಿನದೊಳಗೆ ಹಾಕಬಹುದು ಅಂತ ನಿಯಮವೇ ಇದೆ.

ಮಾತ್ರೆಡಬ್ಬಿ

ಸಿಸ್ಟರ್, ದಿನದ ವಿಚಾರದಲ್ಲಿ ನಾನು ಒಪ್ಪಲ್ಲ. ಇವರ ವಾರ ನೋಡಿ: ಔಷಧಿ ರಕ್ತದಲ್ಲಿ ತುದಿ ಮುಟ್ಟುವುದು ಚುಚ್ಚಿದ 8ರಿಂದ 72 ಗಂಟೆಯೊಳಗೆ. ಭಾನುವಾರ 9ಕ್ಕೆ ಹಾಕಿದರೆ ಅದು ಭಾನುವಾರ ಸಂಜೆಯಿಂದ ಬುಧವಾರ ಬೆಳಿಗ್ಗೆ, ತೊಂದರೆ ಬರೆದಿಟ್ಟಿರುವುದೂ ಅದೇ ಹೊತ್ತಿಗೆ. ಮುಂದಿನ ಡೋಸನ್ನು ಎರಡು ದಿನ ತಳ್ಳಿ ಮಂಗಳವಾರ ರಾತ್ರಿ 8ಕ್ಕೆ, ಹಗುರ ಊಟ ಆದಮೇಲೆ ಹಾಕಿದರೆ ಮೊದಲ ಎಂಟು ಗಂಟೆ ನಿದ್ದೆಯಲ್ಲಿ ಕಳೆಯುತ್ತದೆ, ಶುಕ್ರವಾರ ರಾತ್ರಿಯ ಹೊತ್ತಿಗೆ ಇಳಿಮುಖ, ಭಾನುವಾರಕ್ಕೆ ಹೊಟ್ಟೆ ಖಾಲಿ. ಮನೆಮಂದಿಯೆಲ್ಲ ಬಾಡೂಟ ಮಾಡುವಾಗ ಒಬ್ಬರಿಗೆ ಗಂಜಿ ಕೊಟ್ಟರೆ ಆ ಪಥ್ಯ ಎಷ್ಟು ವಾರ ನಡೆಯುತ್ತೆ ಹೇಳಿ. ಸೆಮಾಗ್ಲುಟೈಡ್ ತಗೊಳ್ಳೋರಿಗೆ ಅಂತರದ ನಿಯಮ ಬೇರೆ, ಇದನ್ನು ಓದಿ ಹಾಗೇ ಮಾಡಬೇಡಿ.

ವಾರ್ಡ್ ಸಿಸ್ಟರ್

ಅದೂ ಸರಿಯೇ, ಬಾಡೂಟದ ಮುಂದೆ ನನ್ನ ವಾದ ನಿಲ್ಲಲ್ಲ. ಆದರೂ ಆ ಭಾನುವಾರ ಒಂದು ಬಟ್ಟಲು ತಿಳಿ ಸಾರು, ಚರ್ಮ ತೆಗೆದ ಎರಡು ತುಂಡು ಕೋಳಿ, ಅಷ್ಟೇ. ಡೋಸ್ ಏರಿಸುವ ವಾರ ಹಬ್ಬದ ಹೋಳಿಗೆ, ಮದುವೆ ಮನೆ, ಶಿರಾಡಿ ಘಾಟಿಯ ಬಸ್ಸು ಯಾವುದೂ ಬರದ ಹಾಗೆ ಕ್ಯಾಲೆಂಡರ್ ನೋಡಿಕೊಳ್ಳಿ.

ಡೋಸಿನ ಬಗ್ಗೆ. 4 ವಾರಕ್ಕೆ ಏರಿಸಬೇಕು ಅಂತ ಕಡ್ಡಾಯ ಇಲ್ಲ, ‘ಕನಿಷ್ಠ 4 ವಾರ’ ಅಂತ ಇರುವುದು. 5ರಲ್ಲೇ 8 ವಾರ, 12 ವಾರ ನಿಲ್ಲಬಹುದು, ತೂಕ ಮತ್ತು ಸಕ್ಕರೆ ಇಳಿಯುತ್ತಿದ್ದರೆ ಅಲ್ಲೇ ಉಳಿಯಲೂಬಹುದು. ‘ಸರ್ಮೌಂಟ್-1’ ಪ್ರಯೋಗದಲ್ಲಿ 5 ಎಂಜಿಯವರಲ್ಲಿ ನೂರಕ್ಕೆ 25 ಮಂದಿಗೆ, 10 ಎಂಜಿಯವರಲ್ಲಿ 33 ಮಂದಿಗೆ ವಾಕರಿಕೆ ಬಂದಿತ್ತು. ಬರೀ ನೀರಿನಂಥ ಇಂಜೆಕ್ಷನ್ ತೆಗೆದುಕೊಂಡವರಲ್ಲೂ 10 ಮಂದಿಗೆ ಬಂದಿತ್ತು ಅನ್ನೋದು ಬೇರೆ. ಬಹುಪಾಲು ಡೋಸ್ ಏರಿಸುವ ಹೊತ್ತಿನದ್ದೇ. ಮೂರು, ನಾಲ್ಕನೇ ಡೋಸಿಗೂ ವಾಂತಿ ನಿಲ್ಲದಿದ್ದರೆ 2.5ಕ್ಕೆ ಕೆಲವು ವಾರ ಇಳಿಸುವುದನ್ನು ಡಾಕ್ಟರ್ ಹತ್ತಿರ ಮಾತಾಡಿ.

ಫೋನು, ಪಥ್ಯ ಎಲ್ಲ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ ಅಂದರೆ: ಹೊಕ್ಕುಳ ಮೇಲ್ಭಾಗದಲ್ಲಿ ಬಿಡದ ನೋವು, ಬೆನ್ನಿಗೆ ಹಾಯುವುದು, ಮುಂದಕ್ಕೆ ಬಾಗಿದರೆ ತುಸು ಹಾಯೆನಿಸುವುದು. ಅದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು, ಲೈಪೇಸ್ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ, ಮುಂದಿನ ಇಂಜೆಕ್ಷನ್ ಹಾಕಬಾರದು. ಬಲ ಪಕ್ಕೆಯ ಕೆಳಗೆ ನೋವು, ಚಳಿಜ್ವರ, ಕಣ್ಣು ಹಳದಿ ಆದರೆ ಪಿತ್ತಕೋಶದ ಕಲ್ಲು ಇರಬಹುದು. ವೇಗವಾಗಿ ತೂಕ ಇಳಿಯುವವರಲ್ಲಿ ಇದು ಹೆಚ್ಚು. ಹೊಟ್ಟೆ ಡೋಲಿನಂತೆ ಉಬ್ಬಿ ಗಾಳಿಯೂ ಹೋಗದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥದ್ದು ಕಂಡರೆ, ಒಂದು ದಿನವಿಡೀ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ಕೂಡ. ಟೆಲ್ಮಿಸಾರ್ಟನ್ ಇರುವವರ ಮೈಯಲ್ಲಿ ನೀರು ಇಳಿದರೆ ಕಿಡ್ನಿಗೆ ಬೇಗ ಪೆಟ್ಟು, ವಾಂತಿ ನಿಲ್ಲದ ದಿನ ಅದನ್ನು ನುಂಗಬೇಕೇ ಬಿಡಬೇಕೇ ಕೇಳಿಕೊಳ್ಳಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್ ಥರದ ಮಾತ್ರೆ ಇರುವವರು ಇನ್ನೂ ಹುಷಾರು: ಗ್ಲುಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದೆಯೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು, ಅದರ ಲಕ್ಷಣವೂ ವಾಕರಿಕೆಯೇ. ವಾರಗಟ್ಟಲೆ ವಾಂತಿ ಆಗುತ್ತಿದ್ದರೆ ಥಯಮಿನ್ ಅಂದರೆ ಬಿ1 ಬರಿದಾಗುತ್ತದೆ. ನಡಿಗೆ ತೂರಾಡುವುದು, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಮಾತು ಗೊಂದಲ ಆದರೆ ಅದು ತುರ್ತು.

ಮುಟ್ಟು ನಿಲ್ಲದ ವಯಸ್ಸಿನವರು ವಾಕರಿಕೆ ಅಂದ ಕೂಡಲೇ ಗರ್ಭ ನಿಂತಿದೆಯೇ ಅಂತ ಮೂತ್ರ ಪರೀಕ್ಷೆಯನ್ನೂ ಮಾಡಿಕೊಳ್ಳಲಿ. ಟಿರ್ಜೆಪಟೈಡ್ ಶುರು ಮಾಡಿದ 4 ವಾರ, ಪ್ರತಿ ಸಲ ಡೋಸ್ ಏರಿಸಿದ 4 ವಾರ, ಗರ್ಭನಿರೋಧಕ ಮಾತ್ರೆಯೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಹೇಮಾವತಿ ದಡ

ನಾಳೆ ಫೋನ್ ಮಾಡ್ತೀನಿ. ಎರಡು ಸಣ್ಣ ಅನುಮಾನ: ಇಂಜೆಕ್ಷನ್ ಹಾಕಿದ ಒಂದು ಗಂಟೆಯಲ್ಲೇ ವಾಂತಿ ಆದರೆ ಇನ್ನೊಂದು ಹಾಕಬೇಕಾ? ಶುಂಠಿ ಕಷಾಯ ಕೊಡಬಹುದಾ?

ಪಥ್ಯದಡುಗೆ

ಹಾಕಬೇಡಿ. ಔಷಧಿ ಇರುವುದು ಚರ್ಮದಡಿಯ ಕೊಬ್ಬಿನಲ್ಲಿ, ವಾಂತಿಯಲ್ಲಿ ಹೋಗಲ್ಲ.

ಶುಂಠಿ ಗರ್ಭಿಣಿಯರ ವಾಕರಿಕೆಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುವುದು ಗೊತ್ತಿರುವ ವಿಷಯ, ಇಲ್ಲೂ ಪ್ರಯತ್ನಿಸಬಹುದು. ಒಂದು ಇಂಚು ಹಸಿಶುಂಠಿ ಜಜ್ಜಿ, ಕುದಿಯುವ ನೀರು 150 ಎಂಎಲ್ ಸುರಿದು ಮುಚ್ಚಿಡಿ, ಹತ್ತು ನಿಮಿಷಕ್ಕೆ ಸೋಸಿ, ಉಗುರುಬೆಚ್ಚಗೆ, ದಿನಕ್ಕೆ ಎರಡು ಸಲ. ಬೆಲ್ಲ ಬೇಡ, ಕಾಳುಮೆಣಸು ಬೇಡ, ನಿಂಬೆ ಹಿಂಡಬೇಡಿ. ಎದೆಯುರಿ ಶುರುವಾದರೆ ನಿಲ್ಲಿಸಿ ಜೀರಿಗೆ ನೀರಿಗೆ ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಕೇಳದೆ ಕುಡಿಯಬಾರದು.

ವಾರ್ಡ್ ಸಿಸ್ಟರ್

ಒಂದು ಬಿಟ್ಟುಹೋಗಿತ್ತು. ಹಲ್ಲಿನವರಿಂದ ಹಿಡಿದು ಎಂಡೋಸ್ಕೋಪಿವರೆಗೆ, ಮಂಪರು ಅಥವಾ ಅರಿವಳಿಕೆ ಕೊಡುವವರಿಗೆಲ್ಲ ‘ವಾರದ ಇಂಜೆಕ್ಷನ್ ಇದೆ, ಕೊನೆಯದು ಇಂಥ ದಿನ ಹಾಕಿದ್ದು’ ಅಂತ ಹೇಳಿ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರುತ್ತದೆ, ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಿಂದಿನ ದಿನ ಪೂರ್ತಿ ದ್ರವ ಆಹಾರ ಮಾತ್ರ ಅಂತ ಹೇಳುತ್ತಾರೆ, ಡೋಸ್ ಏರಿಸುತ್ತಿರುವವರಿಗೆ ಮತ್ತು ವಾಕರಿಕೆ ಇರುವವರಿಗೆ ತಾರೀಖನ್ನೇ ಮುಂದೂಡುವುದೂ ಉಂಟು.